ಲಾರಿ ಬಾರದ ದಾರಿಗಳು

ಸುಮೀನಾಳಷ್ಟು ಹೆದರುವ ಹೆಂಗಸನ್ನು ಈ ದುಬೈಯಲ್ಲಿ ನಾನು ನೋಡಿಲ್ಲ. ಅಲ್ ಕುಸೈಸ್‌ನಲ್ಲಿ ನಮ್ಮ ಆಫೀಸಿಗೂ ಮೆಟ್ರೋ ಸ್ಟೇಷನ್ನಿಗೂ ನಡುವೆ ಇರುವುದು ಒಂದೇ ರಸ್ತೆ. ಅದಕ್ಕೆ ಸಿಗ್ನಲ್ಲೂ ಇದೆ. ದೀಪ ಹಸಿರಾಗಿ ಎಲ್ಲರೂ ಆಚೆ ಸೇರಿದರೂ ಇವಳು ಈಚೆಯೇ ನಿಂತಿರುತ್ತಾಳೆ. ಗೆರೆಯ ಹಿಂದೆ ಲಾರಿಯೋ ಟ್ಯಾಂಕರೋ ನಿಂತಿದ್ದರೆ ಅದು ಹೊರಟುಹೋಗುವ ತನಕ ಕಾಲು ಕೀಳುವುದಿಲ್ಲ. ಎಷ್ಟೋ ಸಲ ನಾನೇ ರಟ್ಟೆ ಹಿಡಿದು ಎಳೆದುಕೊಂಡು ದಾಟಿಸಿದ್ದೇನೆ. ನಲವತ್ತೊಂದು ವರ್ಷದ ಹೆಂಗಸು, ಹದಿನಾರು ವರ್ಷದಿಂದ ಇದೇ ಊರಿನಲ್ಲಿರುವವಳು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ, ಸುಳ್ಳು ಯಾಕೆ ಹೇಳಲಿ.

ಇಂಥವಳ ಕೆಲಸ ಏನು ಗೊತ್ತೆ? ಇಟಲಿಯಲ್ಲಿ ಸೈಕಲ್ ತುಳಿಯಲು ಹೋಗುವವರಿಗೆ ದಾರಿ ಮಾಡಿಕೊಡುವುದು. ಅವಳು ಇಟಲಿ ನೋಡಿದವಳಲ್ಲ. ಸೈಕಲ್ ತುಳಿಯಲೂ ಬರುವುದಿಲ್ಲ. ಆದರೂ ಆ ಕೆಲಸದಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ನಮ್ಮದು ಸಣ್ಣ ಟ್ರಾವೆಲ್ ಆಫೀಸು. ಮಾಲೀಕರು ಕ್ಯಾಮಿಲಸ್, ಮೂಡಬಿದಿರೆ ಕಡೆಯವರು. ಟಿಕೆಟ್ಟು, ವೀಸಾ ನನ್ನ ಮೇಜಿನ ಕೆಲಸ. ಕೊರೋನಾ ಕಳೆದ ಮೇಲೆ ಈ ಊರಿಗೆ ಸೈಕಲ್ಲಿನ ಹುಚ್ಚು ಹಿಡಿಯಿತಲ್ಲ, ಬೆಳಗಾಗುವ ಮೊದಲೇ ಅಲ್ ಕುದ್ರಾದ ಮರಳುಗಾಡಿನ ಟ್ರ್ಯಾಕಿನಲ್ಲಿ ನೂರಾರು ಜನ ಹೆಲ್ಮೆಟ್ ಹಾಕಿಕೊಂಡು ಸೇರತೊಡಗಿದರಲ್ಲ, ಆಗ ಕ್ಯಾಮಿಲಸ್ಸಿಗೆ ಇವರನ್ನು ಹೊರದೇಶಕ್ಕೆ ಕಳಿಸಿದರೆ ಹೇಗೆ ಎಂಬ ಯೋಚನೆ ಹೊಳೆಯಿತು. ಆದರೆ ದುಬೈಯ ಕಾಲುಗಳಿಗೆ ಗುಡ್ಡ ಹತ್ತಿ ಅಭ್ಯಾಸವಿಲ್ಲ. ಇಲ್ಲಿ ಏರು ಎಂದರೆ ಫ್ಲೈಓವರ್ ಮಾತ್ರ. ಸಪಾಟು ನೆಲವೇ ಬೇಕು. ಹುಡುಕಿ ಹುಡುಕಿ ಇಟಲಿಯ ಉತ್ತರದ ಬಯಲು ಸಿಕ್ಕಿತು. ಪೊ ಎಂಬ ದೊಡ್ಡ ನದಿ, ನೆರೆ ತಡೆಯಲು ಅದರ ಎರಡೂ ದಡದಲ್ಲಿ ಕಟ್ಟಿದ ಎತ್ತರದ ಮಣ್ಣಿನ ಏರಿ, ಏರಿಯ ಮೇಲೊಂದು ಸಪೂರ ಟಾರು ದಾರಿ. ಕೆಳಗೆ ಜೋಳದ ಹೊಲ, ಸಾಲಾಗಿ ನೆಟ್ಟ ಮರ, ದೂರದಲ್ಲಿ ಯಾವುದೋ ಹಳ್ಳಿಯ ಇಗರ್ಜಿಯ ಗೋಪುರ. ದಿನಕ್ಕೆ ಅರವತ್ತು ಕಿಲೋಮೀಟರ್ ತುಳಿದರೂ ಒಂದು ದಿಬ್ಬ ಸಿಗುವುದಿಲ್ಲ.

ಅಲ್ಲಿನ ಸೈಕಲ್ ಬಾಡಿಗೆಯವರು ಒಂದು ನಕ್ಷೆ ಕಳಿಸಿದ್ದರು. ಅದನ್ನು ಕಂಪ್ಯೂಟರಿಗೆ ಹಾಕಿಡು ಎಂದು ಕ್ಯಾಮಿಲಸ್ ಸುಮೀನಾಳಿಗೆ ಕೊಟ್ಟರು. ಅವಳು ಆಗ ಬಿಲ್ ಬರೆಯುವ ಕೆಲಸದಲ್ಲಿದ್ದಳು. ಎರಡು ದಿನ ಬಿಟ್ಟು ನಕ್ಷೆ ಹಿಡಿದುಕೊಂಡು ಬಂದು, ಈ ದಾರಿಯಲ್ಲಿ ನಾಲ್ಕು ಕಡೆ ಲಾರಿ ಬರುತ್ತದೆ, ಇದನ್ನು ನಾನು ಜನರಿಗೆ ಕೊಡುವುದಿಲ್ಲ ಎಂದಳು. ಬಾಸ್ ಎದುರಿಗೆ ಅವಳು ಅಷ್ಟು ಮಾತಾಡಿದ್ದೇ ಅದು ಮೊದಲು. ಹಾಗಾದರೆ ನೀನೇ ಬೇರೆ ಮಾಡು ಎಂದು ಕ್ಯಾಮಿಲಸ್ ತಮಾಷೆಗೆ ಹೇಳಿದರು. ಅವಳು ಮಾಡಿಯೇಬಿಟ್ಟಳು.

ಲಾರಿಯ ಮೇಲೆ ಅವಳಿಗೆ ಅಷ್ಟು ಭಯ ಯಾಕೆಂದು ಹೇಳಬೇಕು. ಸುಮೀನಾ ಉಪ್ಪಿನಂಗಡಿಯ ಬ್ಯಾರಿ ಮನೆಯವಳು. ಬಿ.ಕಾಂ. ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದವಳು. ಗಂಡ ಅಬ್ದುಲ್ ರವೂಫ್ ಮುಹೈಸ್ನಾದ ಒಂದು ಗ್ರೋಸರಿಯಲ್ಲಿ ಕೆಲಸಕ್ಕಿದ್ದ. ಕಾರ್ಮಿಕರ ಕ್ಯಾಂಪುಗಳಿಗೆ ನೀರಿನ ಬಾಟಲಿ, ಕುಬ್ಬೂಸು ರೊಟ್ಟಿ, ಈರುಳ್ಳಿ ಎಲ್ಲ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮುಟ್ಟಿಸುತ್ತಿದ್ದ. ಒಂದು ಮಧ್ಯಾಹ್ನ ತಿರುವಿನಲ್ಲಿ ನೀರಿನ ಟ್ಯಾಂಕರೊಂದು ಅವನ ಹಿಂದಿನ ಚಕ್ರವನ್ನು ಎಳೆದುಕೊಂಡು ಹೋಯಿತು. ಜೀವ ಉಳಿಯಿತು, ಒಂದು ಕಾಲು ಗಿಡ್ಡವಾಯಿತು. ಈಗ ಅದೇ ಅಂಗಡಿಯಲ್ಲಿ ಕೌಂಟರಿನಲ್ಲಿ ಕೂರುತ್ತಾನೆ. ಆಸ್ಪತ್ರೆಯಲ್ಲಿ ಅವಳು ಅವನಿಗೆ ಕೇಳಿದ್ದು ಒಂದೇ ಪ್ರಶ್ನೆಯಂತೆ: ಅದು ಎಲ್ಲಿಂದ ಬಂತು? ನೋಡಲಿಲ್ಲ ಎಂದನಂತೆ ಅವನು. ಅಂದಿನಿಂದ ಲಾರಿ ಎಲ್ಲಿಂದ ಬರುತ್ತದೆಂದು ನೋಡುವುದೇ ಅವಳ ಬದುಕಾಯಿತು.

ಅವಳು ದಾರಿ ಮಾಡುವುದನ್ನು ನೋಡಿದರೆ ನಿಮಗೆ ತಲೆಕೆಡುತ್ತದೆ. ಕಂಪ್ಯೂಟರಿನ ನಕ್ಷೆಯಲ್ಲಿ ರಸ್ತೆಯ ಫೋಟೋಗಳಿರುತ್ತವಲ್ಲ, ಒಂದೊಂದು ಸಲ ಒತ್ತಿದರೆ ಹತ್ತು ಹೆಜ್ಜೆ ಮುಂದೆ ಹೋಗುವಂಥವು, ಅದರಲ್ಲಿ ಅವಳು ಅರವತ್ತು ಕಿಲೋಮೀಟರನ್ನೂ ಒತ್ತಿ ಒತ್ತಿ ನಡೆಯುತ್ತಾಳೆ. ಟಾರಿನ ಮೇಲೆ ಭಾರದ ಚಕ್ರದ ಗುರುತು ಕಂಡರೆ ನಿಲ್ಲುತ್ತಾಳೆ. ಹತ್ತಿರದಲ್ಲಿ ಹಾಲಿನ ಫ್ಯಾಕ್ಟರಿ ಉಂಟೇ, ಮರಳು ತೆಗೆಯುವ ಜಾಗ ಉಂಟೇ, ಅದರ ಗಾಡಿ ಯಾವ ಕಡೆ ಹೋಗುತ್ತದೆ, ಎಲ್ಲ ಹುಡುಕುತ್ತಾಳೆ. ಸಂಶಯ ಬಂದ ರಸ್ತೆಯನ್ನು ಕೆಂಪು ಮಾಡುತ್ತಾಳೆ. ಕೆಂಪು ರಸ್ತೆಯನ್ನು ಮಾತ್ರ ಎರಡೆರಡು ಸಲ ನಡೆದು ನೋಡುತ್ತಾಳೆ, ತನ್ನ ದಾರಿ ಎಲ್ಲಿಯಾದರೂ ಅದಕ್ಕೆ ತಾಗುತ್ತದೋ ಎಂದು. ಹಾಗಾಗಿ ಹೋಗಬೇಕಾದ ದಾರಿಗಿಂತ ಹೋಗಬಾರದ ದಾರಿಯೇ ಅವಳಿಗೆ ಹೆಚ್ಚು ಪರಿಚಯ. ಕಂಪ್ಯೂಟರಿನಲ್ಲಿ ಲಾರಿಯ ಫೋಟೋ ಕಂಡರೂ ಕುರ್ಚಿಯಲ್ಲಿ ಹಿಂದಕ್ಕೆ ಸರಿಯುವ ಈ ಹೆಂಗಸನ್ನು ನಾನು ಎಷ್ಟು ಗೇಲಿ ಮಾಡಿದ್ದೇನೆಂದರೆ ಲೆಕ್ಕವಿಲ್ಲ. ಹೋಗಿ ಬಂದವರು ಮಾತ್ರ, ಇಡೀ ದಿನದಲ್ಲಿ ಒಂದು ಟ್ರ್ಯಾಕ್ಟರ್, ಎರಡು ಬಾತುಕೋಳಿ ಬಿಟ್ಟರೆ ಯಾರೂ ಎದುರಾಗಲಿಲ್ಲ ಎನ್ನುತ್ತಿದ್ದರು. ಅವರೆಲ್ಲ ಹೋಗಿದ್ದು ಮೇ ತಿಂಗಳಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ.

ಹೋದ ವರ್ಷ ಅಕ್ಟೋಬರಿನಲ್ಲಿ ಎಂಟು ಜನ ಕನ್ನಡದವರ ಒಂದು ತಂಡ ಹೊರಟಿತು. ಉಡುಪಿಯ ಫ್ಲಾಯ್ಡ್ ಅದರ ಮುಂದಾಳು. ಕೊನೆಯಲ್ಲಿ ತುಳಿಯುವವರು ಅಡಿವೆಪ್ಪ. ಮುಂಡರಗಿ ಕಡೆಯವರು, ಐವತ್ತೇಳು ವರ್ಷ, ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುವ ಕಾರ್ಖಾನೆಯ ಫೋರ್‌ಮನ್. ಶುಗರ್ ಬಂತೆಂದು ಡಾಕ್ಟರು ಹೇಳಿದ ಮೇಲೆ ಸೈಕಲ್ ಹಿಡಿದವರು. ಎಷ್ಟು ತುಳಿದರೂ ಅವರು ತಂಡದ ಕೊನೆಯವರೇ, ಅದಕ್ಕೆ ಅವರಿಗೆ ಬೇಸರವೂ ಇರಲಿಲ್ಲ. ಇಂಗ್ಲಿಷಿನಲ್ಲಿದ್ದ ದಾರಿಯ ವಿವರ ಕನ್ನಡದಲ್ಲಿ ಬರೆದುಕೊಡು ತಂಗಿ ಎಂದು ಸುಮೀನಾಳನ್ನು ಕೇಳಿದವರು ಅವರೇ. ಅವಳು ಬರೆದುಕೊಟ್ಟಳು: ಎಡಕ್ಕೆ ಇಟ್ಟಿಗೆಯ ಹಾಳು ಮನೆ, ಬಲಕ್ಕೆ ಕಾಲುವೆ, ಮುಂದೆ ಮೂರು ದೊಡ್ಡ ಮರ. ಅಡಿವೆಪ್ಪ ಅದನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಹ್ಯಾಂಡಲಿಗೆ ಕಟ್ಟಿಕೊಂಡರು.

ಅವರ ಹೆಂಡತಿ ಬಸವ್ವನಿಗೆ ಈ ಪ್ರಯಾಣ ಸುತಾರಾಂ ಇಷ್ಟವಿರಲಿಲ್ಲ. ನಮ್ಮ ಆಫೀಸಿನಿಂದ ಎರಡು ಕಟ್ಟಡ ಆಚೆ ಅವರ ಮನೆ. ಹೊರಡುವ ಹಿಂದಿನ ವಾರ ಒಬ್ಬರೇ ಬಂದು ಸುಮೀನಾಳ ಎದುರು ಕೂತರು. ಗಂಡ ತನ್ನ ಮಾತು ಕೇಳುವುದಿಲ್ಲ, ಗೊತ್ತಿಲ್ಲದ ದೇಶ, ಗೊತ್ತಿಲ್ಲದ ರಸ್ತೆ, ತನಗೆ ಹಗಲೂ ರಾತ್ರಿ ಎದೆ ಹೊಡೆದುಕೊಳ್ಳುತ್ತದೆ ಎಂದರು. ಹೆದರಿದವರನ್ನು ಹೆದರಿದವರೇ ಗುರುತು ಹಿಡಿಯುವುದು. ಸುಮೀನಾ ಕಂಪ್ಯೂಟರನ್ನು ಅವರ ಕಡೆ ತಿರುಗಿಸಿ ಇಡೀ ದಾರಿ ತೋರಿಸಿದಳು. ಫೋಟೋಗಳಲ್ಲಿ ಬಿಸಿಲು, ಖಾಲಿ ರಸ್ತೆ.

"ಖರೇನ ಲಾರಿ ಬರಂಗಿಲ್ಲ ಹೌದಿಲ್ಲೋ?" ಎಂದು ಬಸವ್ವ ಕೇಳಿದರು.

"ಒಂದೂ ಬರುದಿಲ್ಲ ಬಸವ್ವಕ್ಕ. ನಾನು ನೋಡಿದ್ದೇನೆ," ಎಂದಳು ಸುಮೀನಾ.

ಹಾಗಾದರೆ ಹೋಗಿ ಬರಲಿ ಎಂದು ಬಸವ್ವ ಎದ್ದರು. ಆ ಒಂದು ಮಾತಿನ ಮೇಲೆಯೇ ಅವರು ಗಂಡನನ್ನು ಕಳಿಸಿದ್ದು.

ಈಗ ವೇಳೆಯ ಪಟ್ಟಿಯ ವಿಷಯ. ದಿನ ಎಷ್ಟು ಗಂಟೆಗೆ ಹೊರಡಬೇಕೆಂದು ಬರೆಯುವುದೂ ಸುಮೀನಾಳ ಕೆಲಸವೇ. ದುಬೈಯಲ್ಲಿ ಸೈಕಲ್ಲಿನವರು ನಾಲ್ಕೂವರೆಗೆ ಎದ್ದು ಐದಕ್ಕೆ ಹೊರಡುವವರು. ಬಿಸಿಲೇರಿದರೆ ಖಲಾಸ್. ಇಲ್ಲಿ ವರ್ಷಾನುಗಟ್ಟಲೆ ಇದ್ದವರಿಗೆ, ಹೊರಗಿನ ಕೆಲಸವೆಂದರೆ ಬೆಳಗಾಗುವ ಮೊದಲು ಎಂಬುದು ರಕ್ತಕ್ಕೇ ಇಳಿದಿರುತ್ತದೆ. ಪಾಪ, ರಜೆಯಲ್ಲಿ ಹೋಗುವವರು, ಒಂದು ಗಂಟೆ ಹೆಚ್ಚು ಮಲಗಲಿ ಎಂದು ಅವಳು ಆರು ಗಂಟೆ ಎಂದು ಬರೆದಳು. ಮೇ ತಿಂಗಳಲ್ಲಿ ಅಲ್ಲಿ ಆರಕ್ಕೆಲ್ಲ ಸೂರ್ಯ ಮೇಲೆ ಬಂದಿರುತ್ತಾನೆ, ಹಾಗಾಗಿ ತೊಂದರೆಯಾಗಿರಲಿಲ್ಲ. ಅಕ್ಟೋಬರಿನಲ್ಲಿ ಅಲ್ಲಿ ಬೆಳಕಾಗುವುದು ಏಳೂಮುಕ್ಕಾಲಿಗೆ. ಆ ಬಯಲಿಗೆ ಆ ತಿಂಗಳಲ್ಲಿ ಮುಂಜಾನೆ ಮಂಜು ಬೀಳುತ್ತದೆ, ಹತ್ತಿಯಂಥ ಮಂಜು. ಅವಳು ನೋಡಿದ ಸಾವಿರಾರು ಫೋಟೋಗಳಲ್ಲಿ ಒಂದರಲ್ಲೂ ಅದು ಇರಲಿಲ್ಲ. ಆ ಫೋಟೋಗಳನ್ನು ತೆಗೆಯುವವರು ಬೇಸಿಗೆಯ ನಡುಹಗಲಲ್ಲಿ ಬರುತ್ತಾರೆ. ಆ ನಾಡಿನ ಬೆಳಗನ್ನು ಸುಮೀನಾ ನೋಡಿರಲೇ ಇಲ್ಲ.

ಪಟ್ಟಿಯನ್ನು ಪ್ರಿಂಟ್ ಮಾಡಿದವಳು ನಾನು. ಕ್ಯಾಮಿಲಸ್ ಸಹಿ ಹಾಕಿದರು. ಫ್ಲಾಯ್ಡ್ ಓದಿದರು. ಎಂಟು ಜನರೂ ಓದಿದರು. ಅಕ್ಟೋಬರಿನಲ್ಲಿ ಆರಕ್ಕೆ ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ನಾವೆಲ್ಲ ಇಲ್ಲಿಯವರಾಗಿಬಿಟ್ಟಿದ್ದೆವು, ಅಷ್ಟೆ.

ಮಾಂಟೊವಾ ಎಂಬ ಊರಿನಿಂದ ಫೆರಾರಾವರೆಗೆ ನಾಲ್ಕು ದಿನದ ದಾರಿ. ಮೊದಲ ದಿನ ಸೈಕಲ್ ಆರಿಸಿ, ಸೀಟು ಸರಿಮಾಡಿಕೊಂಡು ಹೊರಡುವಾಗ ಮಧ್ಯಾಹ್ನವಾಗಿತ್ತು. ಏನೂ ತೊಂದರೆಯಾಗಲಿಲ್ಲ. ಅಡಿವೆಪ್ಪ ಏರಿಯ ಮೇಲೆ ನಿಂತು ತೆಗೆಸಿಕೊಂಡ ಫೋಟೋ ಕಳಿಸಿದ್ದರು. ಎರಡನೆಯ ದಿನ ಪಟ್ಟಿಯಂತೆ ಆರಕ್ಕೆ ಹೊರಟರು. ಆಗ ನಮ್ಮಲ್ಲಿ ಎಂಟು ಗಂಟೆ.

ನಾವು ಒಂಬತ್ತಕ್ಕೆ ಆಫೀಸು ತೆರೆದೆವು. ತಂಡದವರ ಮೊಬೈಲು ಎಲ್ಲೆಲ್ಲಿದೆ ಎಂದು ಸುಮೀನಾಳ ಕಂಪ್ಯೂಟರಿನಲ್ಲಿ ಎಂಟು ಚುಕ್ಕಿಯಾಗಿ ಕಾಣುತ್ತದೆ. ಬಂದ ಕೂಡಲೇ ಅದನ್ನು ನೋಡುವುದು ಅವಳ ಕ್ರಮ. ನಾನು ಕಾಫಿ ಬೆರೆಸುತ್ತಿದ್ದೆ. ಅಕ್ಕ, ಎಂದಳು. ಆ ದನಿಗೆ ನಾನು ಚಮಚ ಬಿಟ್ಟು ಓಡಿಬಂದೆ. ಏಳು ಚುಕ್ಕಿ ಏರಿಯ ಮೇಲೆ ಇದ್ದವು. ಎಂಟನೆಯದು ಕೆಳಗೆ, ಕೆಂಪು ರಸ್ತೆಯ ಮೇಲೆ ನಿಂತಿತ್ತು. ಅವಳು ಬೆರಳಿಟ್ಟು ತೋರಿಸಿದಳು. ಅದು ಜಲ್ಲಿ, ಜೋಳ ಸಾಗಿಸುವ ಗಾಡಿಗಳು ಓಡುವ ರಸ್ತೆ, ಬದಿಯಲ್ಲಿ ಕಾಲಿಡಲು ಜಾಗವಿಲ್ಲ ಎಂದಳು. ಅಷ್ಟರಲ್ಲಿ ಬಾಗಿಲು ದೂಡಿಕೊಂಡು ಬಸವ್ವ ಬಂದರು. ಮನೆಯ ಚಪ್ಪಲಿಯಲ್ಲಿ, ತಲೆಗೂದಲು ಕಟ್ಟಿರಲಿಲ್ಲ, ಕೈಯಲ್ಲಿ ಫೋನು. ಫೋನನ್ನೇ ನಮ್ಮ ಕಡೆ ಚಾಚಿದರು. ಆಚೆ ಅಡಿವೆಪ್ಪ ಇನ್ನೂ ಲೈನಿನಲ್ಲಿದ್ದರು.

ಸುಮೀನಾ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರಿಗೆ ಹಾಕಿದಳು.

"ಏನೂ ಕಾಣವಲ್ದು ತಂಗಿ," ಎಂದರು ಅಡಿವೆಪ್ಪ. "ಬರೇ ಮಂಜ. ಕೈ ಚಾಚಿದ್ರ ಕೈ ಕಾಣವಲ್ದು. ಮುಂದಿನವರ ಕೆಂಪ ದೀಪ ಅಂತ ಹಿಂಬಾಲಿಸಿ ಬಂದೆ, ಅದು ಯಾವ್ದೋ ಕಾರಿಂದು. ಈಗ ಲಾರಿ ಹಾಯಾಕತ್ತಾವು. ಹಾದಾಗೊಮ್ಮೆ ಗಾಳಿ ನನ್ನ ಎಳೀತೈತಿ."

ನಡೆದದ್ದು ಹೀಗೆ. ಕತ್ತಲು, ಮೇಲೆ ಮಂಜು. ಒಬ್ಬರ ಹಿಂದಿನ ದೀಪ ನೋಡಿಕೊಂಡು ಇನ್ನೊಬ್ಬರು ಹೋಗುತ್ತಿದ್ದರು. ಏರಿಯಿಂದ ಒಂದು ಕವಲು ಕೆಳಗಿಳಿಯುವಲ್ಲಿ ಅಡಿವೆಪ್ಪನಿಗೆ ಮುಂದಿನ ದೀಪ ತಪ್ಪಿತು. ಹಿಂದೆ ಯಾರೂ ಇರಲಿಲ್ಲವಲ್ಲ, ಕೂಗಿ ಹೇಳಲು. ಎಂದಿನಂತೆ ಹಿಂದೆ ಬರುತ್ತಿದ್ದಾರೆ ಎಂದುಕೊಂಡು ಉಳಿದವರು ಮುಂದೆ ಹೋಗಿಬಿಟ್ಟಿದ್ದರು. ಕ್ಯಾಮಿಲಸ್ ತಮ್ಮ ಕೋಣೆಯಿಂದ ಬಂದವರೇ ಫ್ಲಾಯ್ಡ್‌ಗೆ ಫೋನು ಮಾಡಿ ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸಿದರು. ಯಾರನ್ನಾದರೂ ಹಿಂದಕ್ಕೆ ಕಳಿಸೋಣವೆಂದರೆ ಅವರು ಏಳು ಕಿಲೋಮೀಟರ್ ಮುಂದಿದ್ದರು, ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ಪೊಲೀಸರಿಗೆ ಹೇಳಲು ಫ್ಲಾಯ್ಡ್ ಆ ಕಡೆಯಿಂದ ಯತ್ನಿಸತೊಡಗಿದರು.

ಫೋನಿನೊಳಗೆ ಒಂದು ಸದ್ದು ಎದ್ದು, ದೊಡ್ಡದಾಗಿ, ಕೋಣೆ ತುಂಬಿ ಹೋಯಿತು. ಬಸವ್ವ ಮೇಜಿನ ಅಂಚು ಹಿಡಿದು ಕೂತುಬಿಟ್ಟರು. ಓಡಿಹೋಗಿ ಹಿಡಿದುಕೊಳ್ಳೋಣ ಎಂದರೆ ಮನುಷ್ಯ ಸಮುದ್ರದಾಚೆ ಇದ್ದಾನೆ. ಅಂಥ ಹೆದರಿಕೆ ನನಗೆ ಹಿಂದೆ ಆದದ್ದಿಲ್ಲ. ಸುಮೀನಾಳ ಮುಖ ಕಾಗದದ ಹಾಗೆ ಬಿಳಿಚಿತ್ತು. ಇವಳು ಈಗ ಬೀಳುತ್ತಾಳೆ, ಇವಳನ್ನೂ ನಾನೇ ಹಿಡಿದುಕೊಳ್ಳಬೇಕು ಎಂದುಕೊಂಡೆ.

ಅವಳು ಬೀಳಲಿಲ್ಲ. ಕಂಪ್ಯೂಟರಿನ ಚುಕ್ಕಿಯನ್ನು ನಂಬಬೇಡಿ, ಅದು ಐದು ನಿಮಿಷ ಹಳೆಯದು ಎಂದು ನಮಗೆ ಹೇಳಿ ಫೋನಿನ ಹತ್ತಿರ ಬಗ್ಗಿದಳು. ನಿಂತಲ್ಲಿಂದ ಅಲ್ಲಾಡಬೇಡಿ, ಕೈಗೆ ಏನು ಸಿಗುತ್ತದೆ ಹೇಳಿ ಎಂದು ಕೇಳಿದಳು. ಕಬ್ಬಿಣದ ಕಟಾಂಜನ, ಎಂದರು ಅಡಿವೆಪ್ಪ. ತಣ್ಣಗಿದೆ, ಸೊಂಟದವರೆಗೆ ಬರುತ್ತದೆ, ಅದರಾಚೆ ಕೆಳಗೆ ನೀರಿನ ಸದ್ದು. ಸುಮೀನಾ ಕಣ್ಣು ಮುಚ್ಚಿದಳು. ಅಂಥ ಕಟಾಂಜನ ಆ ರಸ್ತೆಯಲ್ಲಿ ಎರಡು ಕಡೆ ಇದೆ ಎಂದಳು. ಅದನ್ನು ಹಿಡಿದುಕೊಂಡೇ ಮುಂದೆ ನಡೆಯಲು ಹೇಳಿದಳು. ಅದು ಮುಗಿಯುವಲ್ಲಿ ಒಂದು ಗಿಡ್ಡ ಕಲ್ಲಿದೆ, ಅದರ ಮೇಲೆ ನಂಬರಿದೆ, ಮೊಬೈಲಿನ ಬೆಳಕು ಹಾಕಿ ಓದಿ ಎಂದಳು.

ಅವರು ಸೈಕಲ್ ದೂಡಿಕೊಂಡು ನಡೆದರು. ಉಸಿರಾಡುವುದು ನಮಗೆ ಕೇಳುತ್ತಿತ್ತು. ನಡುವೆ ಮತ್ತೊಂದು ಲಾರಿ ಹೋಯಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಬಸವ್ವ ಗಂಡನ ಹೆಸರನ್ನು ಎಂದೂ ಹೇಳದವರು, ಅಡಿವೆಪ್ಪ, ಅಡಿವೆಪ್ಪ ಎಂದು ಪಿಸುಗುಟ್ಟುತ್ತಿದ್ದರು.

"ಹದಿನಾಲ್ಕು," ಎಂಬ ದನಿ ಬಂತು.

ಸುಮೀನಾ ಬಾಯಿಗೆ ಕೈ ಇಟ್ಟುಕೊಂಡಳು. ಫೋನಿಗೆ ಕೇಳದಂತೆ ನಮ್ಮ ಕಡೆ ತಿರುಗಿ ಹೇಳಿದಳು. ಹದಿನಾಲ್ಕೆಂದರೆ ಮುಂದೆ ಅರ್ಧ ಕಿಲೋಮೀಟರ್ ಒಂದು ಬದಿಗೆ ಕಾಲುವೆ, ಇನ್ನೊಂದು ಬದಿಗೆ ರಸ್ತೆಗೆ ಅಂಟಿಕೊಂಡೇ ತಡೆಗೋಡೆ. ಲಾರಿ ಬಂದರೆ ಸರಿಯಲು ಒಂದು ಮೊಳ ಜಾಗವಿಲ್ಲ. ಹಿಂದಕ್ಕೆ ಹೋದರೂ ಅದೇ ಕಥೆ. ಕಲ್ಲಿನ ನೇರ ಎದುರಿಗೆ, ರಸ್ತೆಯ ಆಚೆ, ತಡೆಗೋಡೆ ಕಡಿದು ಹೊಲಕ್ಕೆ ಇಳಿಯುವ ಮಣ್ಣಿನ ಜಾಡು ಉಂಟು. ಅದರ ಕೊನೆಗೆ ಒಂದು ಮನೆ. ಅಲ್ಲಿಗೆ ಹೋದರೆ ಬದುಕಿದರು. ಆದರೆ ರಸ್ತೆ ದಾಟಬೇಕು.

ಕ್ಯಾಮಿಲಸ್ ಬೇಡ ಎಂದರು. ಪೊಲೀಸರು ಬರುವ ತನಕ ಅಲ್ಲೇ ನಿಲ್ಲಲಿ ಎಂದರು. ಅಲ್ಲಿ ನಿಂತರೆ ಮುಂದಿನ ಲಾರಿಯೋ ಅದರ ಮುಂದಿನದೋ ಅವರನ್ನು ಒರಸಿಕೊಂಡು ಹೋಗುತ್ತದೆ ಎಂದಳು ಸುಮೀನಾ. ಅವಳು ಕಾಯುತ್ತಿದ್ದುದು ಬಸವ್ವನ ಒಪ್ಪಿಗೆಗೆ. ಬಸವ್ವ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ತಲೆಯಾಡಿಸಿದರು.

"ಅಡಿವೆಪ್ಪಣ್ಣ, ನೀವು ರಸ್ತೆ ದಾಟ್ಬೇಕು," ಎಂದಳು ಸುಮೀನಾ. "ಕಲ್ಲಿಗೆ ಬೆನ್ನು ಕೊಟ್ಟು ನಿಲ್ಲಿ. ಎದುರಿಗೆ ನೇರ ಹತ್ತು ಹೆಜ್ಜೆ. ನಾನು ಹೇಳಿದ ಮೇಲೆ ಹೊರಡಿ, ಹೊರಟ ಮೇಲೆ ನಿಲ್ಬೇಡಿ. ಸೈಕಲ್ ಅಲ್ಲೇ ಬಿಡಿ."

"ಮಂದಿ ಸೈಕಲ್ಲ ತಂಗಿ, ಹೆಂಗ ಬಿಡ್ಲಿ?"

"ಬಿಡಿ ಹೇಳಿದೆ ನಾನು."

ಅವಳು ಯಾರನ್ನೂ ಗದರಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ಎಸಿ ಆರಿಸಿ ಎಂದಳು. ಕ್ಯಾಮಿಲಸ್ ಓಡಿಹೋಗಿ ಆರಿಸಿದರು. ಕೋಣೆ ನಿಶ್ಶಬ್ದವಾಯಿತು. ಸುಮೀನಾ ಫೋನಿಗೆ ಕಿವಿ ತಾಗಿಸಿದಳು. ಅಲ್ಲಿ ಮಂಜಿನಲ್ಲಿ ನಿಂತ ಮನುಷ್ಯನಿಗೂ ಮಾತಾಡಬೇಡಿ, ಫೋನನ್ನು ರಸ್ತೆಯ ಕಡೆ ಹಿಡಿಯಿರಿ ಎಂದಳು. ಒಂದು ಲಾರಿ ಹೋಯಿತು. ಅದರ ಸದ್ದು ಆರುವ ಮೊದಲೇ ಇನ್ನೊಂದು. ಅದೂ ಹೋಯಿತು. ಇಳಿಯುವ ಬೆವರನ್ನು ಒರಸಿಕೊಳ್ಳಲೂ ನಮಗೆ ಧೈರ್ಯವಿರಲಿಲ್ಲ.

"ಯಲ್ಲಾ, ಹೊರಡಿ, ದಾಟಿ," ಎಂದಳು.

ಅಡಿವೆಪ್ಪ ಎಣಿಸುತ್ತಾ ನಡೆದರು. ಒಂದು, ಎರಡು, ಮೂರು. ಐದು ಎನ್ನುವಾಗ ದೂರದಲ್ಲಿ ಗುಂಯ್ ಎಂದಿತು. ಅವರಿಗೂ ಕೇಳಿರಬೇಕು, ಎಣಿಕೆ ನಿಂತಿತು. ನಿಲ್ಬೇಡಿ, ನಿಲ್ಬೇಡಿ ಎಂದು ಸುಮೀನಾ ಕಿರುಚಿದಳು. ಸದ್ದು ಬೆಳೆಯಿತು, ಮೇಜೇ ಅದುರಿದ ಹಾಗೆ ಅನ್ನಿಸಿತು, ಅದರ ನಡುವೆ ಕಬ್ಬಿಣ ಕಬ್ಬಿಣಕ್ಕೆ ಬಡಿದು ನುಚ್ಚಾಗುವ ಸದ್ದು. ಲಾರಿ ನಿಲ್ಲಲೂ ಇಲ್ಲ, ಹಾಗೇ ಹೋಯಿತು.

ಆಮೇಲೆ ಫೋನಿನಲ್ಲಿ ಏನೂ ಕೇಳಲಿಲ್ಲ. ಎಷ್ಟು ಹೊತ್ತೆಂದು ಹೇಳಲಾರೆ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಾನು ನಮ್ಮ ಊರಿನ ದೇವಿಯನ್ನು ನೆನೆಯಲು ಹೋದೆ, ಹೆಸರೇ ನೆನಪಾಗಲಿಲ್ಲ.

"ಅದೀನಿ," ಎಂದರು ಅಡಿವೆಪ್ಪ. "ಹುಲ್ಲ ಮ್ಯಾಲ ಕುಂತೀನಿ. ಸೈಕಲ್ಲ ಹೋತು."

ಬಸವ್ವ ಅಳತೊಡಗಿದರು. ಸುಮೀನಾ ಅಳಲಿಲ್ಲ, ಅವಳಿಗೆ ಕೆಲಸ ಮುಗಿದಿರಲಿಲ್ಲ. ಜಾಡು ಹಿಡಿದು ಹೋಗಿ, ಬಲಕ್ಕೆ ಮುಳ್ಳಿನ ಬೇಲಿ ತಾಗುತ್ತದೆ, ಅದನ್ನು ಬಿಡಬೇಡಿ, ಇನ್ನೂರು ಹೆಜ್ಜೆ ಆದ ಮೇಲೆ ತಗಡಿನ ಗೇಟು ಎಂದಳು. ಎಲ್ಲ ಹಾಗೆಯೇ ಇತ್ತು. ನಾಯಿ ಬೊಗಳಿತು. ಬಾಗಿಲು ತೆರೆದ ಸದ್ದು, ಯಾರೋ ಹೆಂಗಸು ತಿಳಿಯದ ಭಾಷೆಯಲ್ಲಿ ಏನೋ ಕೇಳಿ, ಮತ್ತೆ ತಾನೇ ಗಾಬರಿಯಾಗಿ ಒಳಗೆ ಕರೆದದ್ದು, ಕುರ್ಚಿ ಎಳೆದದ್ದು ಎಲ್ಲ ಕೇಳಿತು. ಹಾಲು ಕೊಟ್ಟಾರ, ಎಂದರು ಅಡಿವೆಪ್ಪ ಸಣ್ಣ ದನಿಯಲ್ಲಿ. ಆಮೇಲೆ, ಈ ಕಡೆ ನೀನು ಎಷ್ಟು ಸಲ ಬಂದಿದ್ದೀ ತಂಗಿ ಎಂದು ಕೇಳಿದರು. ಒಮ್ಮೆಯೂ ಇಲ್ಲ ಎಂದಳು ಸುಮೀನಾ.

ಕ್ಯಾಮಿಲಸ್ ಎಸಿ ಹಾಕಿದರು. ಎದುರಿನ ಕೆಫೆಟೇರಿಯಾದಿಂದ ಕರಕ್ ಚಹಾ ತರಿಸಿದರು. ಬೇರೊಂದು ಸೈಕಲ್ ಮಧ್ಯಾಹ್ನದೊಳಗೆ ಬರುತ್ತದೆ, ಉಳಿದ ಎರಡು ದಿನವನ್ನು ಅಡಿವೆಪ್ಪ ಮುಗಿಸಿಯೇ ಬರುತ್ತಾರಂತೆ ಎಂದು ಫ್ಲಾಯ್ಡ್ ಫೋನಿನಲ್ಲಿ ತಿಳಿಸಿದರು. ಕ್ಯಾಮಿಲಸ್ ಬಸವ್ವನಿಗೆ, ನೋಡಿ ನಮ್ಮ ಸುಮೀನಾ ಹೇಗೆ, ಇಲ್ಲೇ ಕೂತು ಜೀವ ಉಳಿಸಿದಳು ಎಂದೆಲ್ಲ ಹೇಳುತ್ತಿದ್ದರು. ಬಸವ್ವ ಅವಳ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಅದನ್ನು ಹಣೆಗೆ ಒತ್ತಿಕೊಂಡು, ನೀನು ನನ್ನ ಪಾಲಿನ ದೇವರು ಎಂದರು.

ಸುಮೀನಾ ಕೈ ಬಿಡಿಸಿಕೊಂಡು ಎದ್ದು ನಿಂತಳು.

"ಆರು ಗಂಟೆ ಅಂತ ಬರೆದದ್ದು ನಾನು ಬಸವ್ವಕ್ಕ," ಎಂದಳು. "ಅಲ್ಲಿ ಬೆಳಕಾಗುದು ಏಳೂಮುಕ್ಕಾಲಿಗೆ. ನಾನು ನೋಡ್ಲಿಲ್ಲ. ಲಾರಿ ಮಾತ್ರ ನೋಡಿದೆ. ಇಲ್ಲಿಯ ಹಾಗೆ ಅಂತ ಬರೆದುಬಿಟ್ಟೆ. ಅವರು ಮಂಜಲ್ಲಿ ಹೋದದ್ದು ನನ್ನಿಂದ."

ಕ್ಯಾಮಿಲಸ್ ಕಣ್ಣು ಬಿಟ್ಟು ಸನ್ನೆ ಮಾಡಿದರು, ಅವಳು ಆ ಕಡೆ ನೋಡಲೂ ಇಲ್ಲ. ಆಗ ನಾನು ಒಂದು ಮಾತು ಹೇಳಬೇಕಿತ್ತು. ಪಟ್ಟಿಯನ್ನು ನಾನೂ ಓದಿದ್ದೆ, ನಾವೆಲ್ಲ ಓದಿದ್ದೆವು ಎನ್ನಬೇಕಿತ್ತು. ವರ್ಷವಿಡೀ ಅವಳನ್ನು ಹೆದರುಪುಕ್ಕಲಿ ಎಂದು ಕಾಡಿದವಳು ನಾನು, ಬಾಯಿಗೆ ಬೀಗ ಹಾಕಿಕೊಂಡು ಚಹಾದ ಲೋಟ ನೋಡುತ್ತಾ ಕೂತೆ. ಇವತ್ತಿಗೂ ಆ ನಾಚಿಕೆ ಹೋಗಿಲ್ಲ.

ಬಸವ್ವ ಅವಳನ್ನೇ ನೋಡಿದರು. ಬೈಯುತ್ತಾರೆ, ಹೊಡೆದರೂ ಹೊಡೆದಾರು ಎಂದು ನನಗೆ ಅನ್ನಿಸಿತು. ಅವರು ಸೆರಗಿನಿಂದ ಮುಖ ಒರಸಿಕೊಂಡರು, ಮೇಜಿನ ಮೇಲಿದ್ದ ಫೋನು ಎತ್ತಿಕೊಂಡರು, ಬಾಗಿಲವರೆಗೆ ಹೋಗಿ ತಿರುಗಿ ನಿಂತರು.

"ಇದನ್ನ ಅವರ ಮುಂದ ಹೇಳಬ್ಯಾಡ," ಎಂದರು. "ಇನ್ನಾ ಎರಡ ದಿನ ಅವರು ನಿನ್ನ ಮಾತಿನ ಮ್ಯಾಲ ಹೋಗೋರದಾರ. ನಂಬಿಕಿ ಹ್ವಾದ್ರ ಕಾಲ ನಡಗತಾವ, ನಡಗಿದ್ರ ಬೀಳ್ತಾರ."

ಆ ರಾತ್ರಿಯೊಳಗೆ ಸುಮೀನಾ ಪಟ್ಟಿ ಬದಲಿಸಿ ಕಳಿಸಿದಳು. ಬೆಳಿಗ್ಗೆ ಹತ್ತಕ್ಕೆ, ಮಂಜು ಪೂರ್ತಿ ಹರಿದ ಮೇಲೆ, ಅಡಿವೆಪ್ಪ ನಡುವಿನಲ್ಲಿ, ಫ್ಲಾಯ್ಡ್ ಕೊನೆಯಲ್ಲಿ. ಎರಡೂ ದಿನ ಅಡಿವೆಪ್ಪ ಹೊರಡುವ ಮೊದಲು ಫೋನು ಮಾಡಿ, ದಾರಿ ಹೆಂಗೈತಿ ತಂಗಿ ಎಂದು ಕೇಳಿದರು. ಅವಳು ದನಿ ನಡುಗದ ಹಾಗೆ ಉತ್ತರ ಹೇಳಿದಳು. ಇಟ್ಟ ಮೇಲೆ ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿಕೊಂಡಳು. ಊಟ ಮಾಡಲಿಲ್ಲ. ಮನೆಯಿಂದ ಅಬ್ದುಲ್ ರವೂಫ್ ಕುಂಟುತ್ತಾ ಬಂದು ಬುತ್ತಿ ಕೊಟ್ಟು ಹೋದ, ಅದು ಹಾಗೇ ಉಳಿಯಿತು. ಬಸವ್ವ ಎರಡೂ ದಿನ ಆಫೀಸು ತೆರೆಯುವ ಹೊತ್ತಿಗೇ ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತರು. ಇಬ್ಬರೂ ಚುಕ್ಕಿ ನೋಡುತ್ತಾ ಕೂತಿರುತ್ತಿದ್ದರು. ಚುಕ್ಕಿ ಎಲ್ಲಿಯಾದರೂ ನಿಂತಿತೆಂದರೆ ಇಬ್ಬರ ಉಸಿರೂ ಒಟ್ಟಿಗೆ ನಿಲ್ಲುತ್ತಿತ್ತು. ನೀರು ಕುಡಿಯಲು ನಿಂತಿರುತ್ತಾರೆ ಎಂದು ನಾನು ಹೇಳಿದರೆ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಕೊನೆಯ ದಿನ ನಮ್ಮ ಸಂಜೆ ಆರಕ್ಕೆ ಎಂಟು ಚುಕ್ಕಿಗಳೂ ಫೆರಾರಾದ ಹೋಟೆಲಿನ ಮೇಲೆ ಬಂದು ಸೇರಿದವು. ಸುಮೀನಾ ಕುರ್ಚಿಗೆ ಒರಗಿದಳು. ಬಸವ್ವನ ಫೋನು ಬಡಿದುಕೊಂಡಿತು. ಅವರು ಎತ್ತಿ, ಹ್ಞೂಂ, ಮುಟ್ಟಿದ್ರೇನು, ಸೈಕಲ್ ಒಪ್ಪಿಸಿದ್ರೇನು, ಇನ್ನು ತುಳಿಯೋದು ಏನೂ ಇಲ್ಲ ಹೌದಲ್ಲೋ ಎಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ಎರಡು ದಿನದಲ್ಲಿ ಮೊದಲ ಸಲ ಸುಮೀನಾಳ ಮುಖ ನೋಡಿ, ಫೋನನ್ನು ಅವಳ ಕಡೆ ಚಾಚಿದರು.

"ಈಗ ಹೇಳು," ಎಂದರು.

ಸುಮೀನಾ ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡು ಹೇಳಿದಳು.